ಡ್ರೋನಿನ ರೆಕ್ಕೆ: ಜೋಡಿಸುವಾಗ, ಬಿಚ್ಚುವಾಗ ಇರಬೇಕಾದ ಎಚ್ಚರ

ಮನೆಗೆ ಹೊಸದಾಗಿ ಬರುವ ಪ್ರತಿಯೊಂದು ಯಂತ್ರವೂ ತನ್ನೊಡನೆ ಒಂದು ಸೌಕರ್ಯವನ್ನೂ ಒಂದು ಅಪಾಯವನ್ನೂ ತರುತ್ತದೆ. ನಮ್ಮ ತಾಯಂದಿರ ಕಾಲಕ್ಕೆ ಸೀಮೆಎಣ್ಣೆಯ ಸ್ಟೌ ಬಂದಿತು. ಅನಂತರ ಕುಕ್ಕರ್, ಗ್ಯಾಸ್ ಒಲೆ, ಮಿಕ್ಸರ್‌ಗಳು ಬಂದವು. ಹಬೆ ಇಳಿಯುವ ಮೊದಲೇ ಕುಕ್ಕರಿನ ಮುಚ್ಚಳ ತೆಗೆಯಬಾರದು, ಪ್ಲಗ್ ಕೀಳದೆ ಮಿಕ್ಸರಿನ ಜಾರಿನೊಳಗೆ ಕೈ ಹಾಕಬಾರದು ಎಂಬುದನ್ನು ಇಂದು ಯಾವ ಗೃಹಿಣಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಈ ತಿಳಿವಳಿಕೆ ಎಲ್ಲರಲ್ಲಿಯೂ ಬೇರೂರುವ ಮೊದಲು ಎಷ್ಟೋ ಮನೆಗಳಲ್ಲಿ ಕೈಗಳು ಸುಟ್ಟವು, ಬೆರಳುಗಳು ಗಾಯಗೊಂಡವು.

ಇಂದು ನಮ್ಮ ಮನೆಗಳ ಹೊಸ್ತಿಲು ದಾಟಿ ಒಳಬಂದಿರುವ ಹೊಸ ಯಂತ್ರ ಡ್ರೋನು. ಮದುವೆ, ಗೃಹಪ್ರವೇಶ, ಜಾತ್ರೆಗಳ ಚಿತ್ರೀಕರಣಕ್ಕೆ ಅದು ಬೇಕು. ಹೊಲದ ಬೆಳೆಗೆ ಔಷಧ ಸಿಂಪಡಿಸಲು ಬೇಕು. ಭೂಮಿಯ ಅಳತೆಗೆ ಬೇಕು. ಮಕ್ಕಳ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿಯೂ ಅದು ಬರುತ್ತಿದೆ. ಅದನ್ನು ಹಾರಿಸುವ ಬಗ್ಗೆ ನಮ್ಮ ತರುಣರು ಬಹಳ ಉತ್ಸಾಹದಿಂದ ಮಾತನಾಡುತ್ತಾರೆ. ಹಾರಿಸುವ ಮೊದಲು ರೆಕ್ಕೆ ಜೋಡಿಸುವ, ಹಾರಿಸಿದ ಮೇಲೆ ಬಿಚ್ಚುವ ಸಣ್ಣ ಕೆಲಸದ ಬಗ್ಗೆ ಮಾತನಾಡುವವರು ಮಾತ್ರ ಕಡಿಮೆ. ಯಂತ್ರವು ಮನುಷ್ಯನ ಕೈಗೆ ಅತಿ ಸಮೀಪದಲ್ಲಿರುವುದು ಆ ಗಳಿಗೆಯಲ್ಲಿಯೇ ಎಂಬುದನ್ನು ನಾವು ಮರೆಯುತ್ತೇವೆ. ನಾನೂ ಮರೆತಿದ್ದೆ. ಅದರಿಂದಾದ ಅನಾಹುತವೇ ಈ ಲೇಖನಕ್ಕೆ ಕಾರಣ.

ನಮ್ಮ ಮನೆಯಲ್ಲಿ ನಡೆದದ್ದು

ನನ್ನ ತಮ್ಮನ ಮಗ ಮದುವೆಗಳ ಚಿತ್ರೀಕರಣವನ್ನೇ ಜೀವನೋಪಾಯವಾಗಿ ಮಾಡಿಕೊಂಡವನು. ಕಳೆದ ವರ್ಷ ಶ್ರಾವಣ ಕಳೆದ ಮೇಲೆ ಒಂದು ಸಂಜೆ ನಮ್ಮ ಮನೆಗೆ ಬಂದಿದ್ದ. ಮರುದಿನ ಬೆಳಗ್ಗೆ ಪಕ್ಕದ ಊರಿನಲ್ಲಿ ಮದುವೆ. ಪಡಸಾಲೆಯ ಜಮಖಾನೆಯ ಮೇಲೆ ಡ್ರೋನನ್ನು ಇಟ್ಟುಕೊಂಡು, ಹಳೆಯ ರೆಕ್ಕೆಗಳನ್ನು ತೆಗೆದು ಹೊಸವನ್ನು ಹಾಕುತ್ತಿದ್ದ. ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂದು ನೋಡಲು ಅದನ್ನು ಮೊದಲೇ ಜೋಡಿಸಿ ಸ್ವಿಚ್ಚು ಹಾಕಿದ್ದ. ರಿಮೋಟೂ ಚಾಲೂ ಇತ್ತು. ಐದು ವರ್ಷದ ನನ್ನ ಮೊಮ್ಮಗಳು ಅವನ ಸುತ್ತ ಸುಳಿದಾಡುತ್ತ, ರೆಕ್ಕೆಗಳನ್ನು ಮುಟ್ಟಲು ಹವಣಿಸುತ್ತಿದ್ದಳು. ಅವಳನ್ನು ದೂರ ಕೂರಿಸುವ ಉಪಾಯವೆಂದು ಭಾವಿಸಿ, ಪಕ್ಕದಲ್ಲಿದ್ದ ರಿಮೋಟನ್ನು ಎತ್ತಿ ಅವಳ ಕೈಗೆ ಕೊಟ್ಟವನು ನಾನೇ.

ಮಗು ಆಟಿಕೆಯೆಂದು ತಿಳಿದು ಎರಡೂ ಹೆಬ್ಬೆರಳುಗಳಿಂದ ಎರಡೂ ಕಡ್ಡಿಗಳನ್ನು ಕೆಳಕ್ಕೂ ಒಳಕ್ಕೂ ಎಳೆಯಿತು. ಅನೇಕ ಡ್ರೋನುಗಳಲ್ಲಿ ಮೋಟಾರುಗಳನ್ನು ಚಾಲನೆಗೊಳಿಸುವ ಸಂಕೇತವೇ ಅದು ಎಂಬುದು ನನಗೆ ತಿಳಿದಿರಲಿಲ್ಲ. ನಾಲ್ಕೂ ಮೋಟಾರುಗಳು ಒಮ್ಮೆಲೇ ತಿರುಗಿದವು. ಹುಡುಗನ ಬಲಗೈ ಕೊನೆಯ ರೆಕ್ಕೆಯ ಮೇಲಿತ್ತು. ಅವನು ಕೈ ಹಿಂದಕ್ಕೆಳೆದುಕೊಳ್ಳುವುದರೊಳಗೆ ಎರಡು ಬೆರಳುಗಳು ಸೀಳಿದ್ದವು. ಡ್ರೋನು ಮಗುಚಿಬಿದ್ದು ಒಂದು ರೆಕ್ಕೆಯ ತುಂಡು ಗೋಡೆಗೆ ಬಡಿಯಿತು. ಅದು ಮಗು ಕುಳಿತ ಕಡೆಗೆ ಹಾರಲಿಲ್ಲವೆಂಬುದೇ ನಮಗೆ ಉಳಿದ ಸಮಾಧಾನ. ಹೊಲಿಗೆ ಹಾಕಿಸಿದ್ದಾಯಿತು, ಗಾಯವೂ ಮಾಗಿತು. ಆದರೆ ಅವನ ತೋರುಬೆರಳು ಇಂದಿಗೂ ಪೂರ್ತಿಯಾಗಿ ಮಡಚುವುದಿಲ್ಲ.

"ತಪ್ಪು ನಂದರೀ ದೊಡ್ಡಪ್ಪಾ, ಬ್ಯಾಟರಿ ತೆಗದ ಕೆಲಸಾ ಮಾಡಬೇಕಿತ್ತು" ಎಂದು ಅವನು ದೊಡ್ಡಮನಸ್ಸಿನಿಂದ ಹೇಳಿದ. ಆದರೆ ರಿಮೋಟು ಕೊಟ್ಟ ಕೈ ನನ್ನದು. ಅಂದಿನಿಂದ ಈ ವಿಷಯವನ್ನು ಅವನಿಂದಲೂ, ತಿಳಿದ ಇತರರಿಂದಲೂ ಕೇಳಿ ಕಲಿತೆ. ಕಲಿತುದನ್ನು ಓದುಗರ ಮುಂದಿಡುತ್ತಿದ್ದೇನೆ.

ಹಗುರವಾದ ರೆಕ್ಕೆಗೆ ಇಷ್ಟು ಬಲ ಎಲ್ಲಿಯದು?

ಕೈಯಲ್ಲಿ ಹಿಡಿದಾಗ ಡ್ರೋನಿನ ರೆಕ್ಕೆ ಮಕ್ಕಳ ಆಟಿಕೆಯ ಗಿರಗಿಟ್ಟಲೆಯಂತೆ ಕಾಣುತ್ತದೆ. ಪ್ಲಾಸ್ಟಿಕ್ಕಿನದು, ಬಾಗುತ್ತದೆ, ಹಕ್ಕಿಯ ಗರಿಯಷ್ಟು ಹಗುರ. ಅದರ ಬಲ ಇರುವುದು ವೇಗದಲ್ಲಿ. ಹತ್ತು ಅಂಗುಲ ವ್ಯಾಸದ ಒಂದು ರೆಕ್ಕೆ ನಿಮಿಷಕ್ಕೆ 6000 ಸುತ್ತು ತಿರುಗುತ್ತದೆಂದು ಇಟ್ಟುಕೊಳ್ಳೋಣ. ಸೆಕೆಂಡಿಗೆ 100 ಸುತ್ತಾಯಿತು. ಒಂದು ಸುತ್ತಿನಲ್ಲಿ ರೆಕ್ಕೆಯ ತುದಿ ಸುಮಾರು 80 ಸೆಂಟಿಮೀಟರ್ ಕ್ರಮಿಸುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 80 ಮೀಟರ್. ಗಂಟೆಗೆ 280 ಕಿಲೋಮೀಟರಿಗೂ ಹೆಚ್ಚು. ಆ ವೇಗದಲ್ಲಿ ತೆಳುವಾದ ಅಂಚು ಚಾಕುವಿನಂತೆ ವರ್ತಿಸುತ್ತದೆ. ಇದಕ್ಕಿಂತ ಕೆಟ್ಟ ಸಂಗತಿಯೆಂದರೆ, ತಿರುಗುವ ರೆಕ್ಕೆ ಕಣ್ಣಿಗೆ ಕಾಣುವುದೇ ಇಲ್ಲ. ಅಲ್ಲಿ ಗಾಳಿಯಲ್ಲದೆ ಬೇರೇನೂ ಇಲ್ಲವೆಂದೇ ತೋರುತ್ತದೆ.

2015ರ ಮೇ ತಿಂಗಳಲ್ಲಿ ಮೆಕ್ಸಿಕೋ ದೇಶದ ಟಿಹುವಾನಾ ನಗರದಲ್ಲಿ ಪ್ರಸಿದ್ಧ ಗಾಯಕ ಎನ್ರಿಕೆ ಇಗ್ಲೇಸಿಯಾಸ್ ಅವರು ಕಾರ್ಯಕ್ರಮ ನಡೆಯುತ್ತಿರುವಾಗಲೇ, ಹಾರಾಡುತ್ತಿದ್ದ ಕ್ಯಾಮೆರಾ ಡ್ರೋನನ್ನು ಕೈಯಿಂದ ಹಿಡಿಯಲು ಹೋಗಿ ಬೆರಳುಗಳನ್ನು ಗಾಯಗೊಳಿಸಿಕೊಂಡರು, ಶಸ್ತ್ರಚಿಕಿತ್ಸೆಯನ್ನೇ ಮಾಡಿಸಿಕೊಳ್ಳಬೇಕಾಯಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ, ಮನೆಯ ಮುಂದೆ ಪರಿಚಿತರೊಬ್ಬರು ಹಾರಿಸುತ್ತಿದ್ದ ಡ್ರೋನು ಮರಕ್ಕೆ ತಗುಲಿ ಹೊರಳಿ, ಅದರ ರೆಕ್ಕೆಯಿಂದ ಒಂದೂವರೆ ವರ್ಷದ ಮಗುವೊಂದು ಒಂದು ಕಣ್ಣನ್ನೇ ಕಳೆದುಕೊಂಡಿತು. ಬೆರಳು ಮತ್ತು ಕಣ್ಣು, ಈ ಎರಡರ ಮೇಲೆಯೇ ಈ ಯಂತ್ರದ ಅಪಾಯ ಹೆಚ್ಚು.

ಎಡ-ಬಲದ ಗುಟ್ಟು

ನಾಲ್ಕು ರೆಕ್ಕೆಯ ಡ್ರೋನಿನಲ್ಲಿ ನಾಲ್ಕೂ ಮೋಟಾರುಗಳು ಒಂದೇ ದಿಕ್ಕಿಗೆ ತಿರುಗುವುದಿಲ್ಲ. ಎರಡು ಪ್ರದಕ್ಷಿಣವಾಗಿ, ಅಂದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತವೆ. ಇನ್ನೆರಡು ಅಪ್ರದಕ್ಷಿಣವಾಗಿ ತಿರುಗುತ್ತವೆ. ಕರ್ಣರೇಖೆಯಲ್ಲಿ ಎದುರುಬದುರಾಗಿರುವ ಎರಡು ಮೋಟಾರುಗಳ ದಿಕ್ಕು ಒಂದೇ. ಎಲ್ಲವೂ ಒಂದೇ ಕಡೆ ತಿರುಗಿದರೆ ಡ್ರೋನಿನ ಒಡಲು ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಬುಗುರಿಯಂತೆ ಸುತ್ತತೊಡಗುತ್ತದೆ. ಎರಡು ಜೋಡಿಗಳು ಪರಸ್ಪರ ವಿರುದ್ಧವಾಗಿ ತಿರುಗಿದಾಗ ಆ ಸುತ್ತುಬಲಗಳು ಒಂದನ್ನೊಂದು ಅಳಿಸಿಹಾಕಿ ಒಡಲು ಸ್ಥಿರವಾಗಿ ನಿಲ್ಲುತ್ತದೆ.

ಆದುದರಿಂದ ರೆಕ್ಕೆಗಳಲ್ಲಿಯೂ ಎರಡು ಜಾತಿ. ಒಂದರ ಓರೆ ಬಲಕ್ಕೆ, ಇನ್ನೊಂದರ ಓರೆ ಎಡಕ್ಕೆ. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಹಾಕಿದರೆ ಅದು ಗಾಳಿಯನ್ನು ಕೆಳಕ್ಕೆ ತಳ್ಳುವ ಬದಲು ಮೇಲಕ್ಕೆ ತಳ್ಳುತ್ತದೆ. ಆಗ ಡ್ರೋನು ನೆಲ ಬಿಡುವ ಮೊದಲೇ ಒಂದು ಬದಿಗೆ ಮಗುಚುತ್ತದೆ. ಹತ್ತಿರ ನಿಂತವರ ಕಾಲಿಗೆ ಅಪಾಯ ತಪ್ಪಿದ್ದಲ್ಲ. ಇದನ್ನು ತಡೆಯಲೆಂದೇ ತಯಾರಕರು ಗುರುತುಗಳನ್ನು ಹಾಕಿರುತ್ತಾರೆ. ಕೆಲವು ರೆಕ್ಕೆಗಳ ನಡುವೆ ಬಿಳಿಯ ಅಥವಾ ಬಣ್ಣದ ಉಂಗುರವಿರುತ್ತದೆ. ಅಂತಹುದೇ ಗುರುತು ಎರಡು ಮೋಟಾರುಗಳ ಮೇಲೂ ಇರುತ್ತದೆ. ಗುರುತಿದ್ದುದು ಗುರುತಿದ್ದಲ್ಲಿಗೆ, ಇಲ್ಲದ್ದು ಇಲ್ಲದಲ್ಲಿಗೆ. ಗುರುತುಗಳೇ ಇಲ್ಲದಿದ್ದಲ್ಲಿ ಯಂತ್ರದೊಡನೆ ಬಂದ ಕೈಪಿಡಿಯ ಚಿತ್ರವನ್ನು ನೋಡಬೇಕೇ ಹೊರತು ಊಹೆಯಿಂದ ಹಾಕಬಾರದು.

ಜೋಡಣೆಯ ಬಗೆಗಳು

ಎಲ್ಲ ಡ್ರೋನುಗಳಲ್ಲಿಯೂ ರೆಕ್ಕೆ ಕೂಡಿಸುವ ಕ್ರಮ ಒಂದೇ ಅಲ್ಲ. ಮುಖ್ಯವಾಗಿ ನಾಲ್ಕು ಬಗೆಗಳನ್ನು ಕಾಣುತ್ತೇವೆ.

ಮೊದಲನೆಯದು ಒತ್ತಿ ತಿರುಗಿಸುವ ಬಗೆ. ಮೋಟಾರಿನ ಮೇಲೆ ಒಂದು ಸ್ಪ್ರಿಂಗು ಇರುತ್ತದೆ. ರೆಕ್ಕೆಯ ನಡುಭಾಗವನ್ನು ಅದರ ಮೇಲಿಟ್ಟು, ಗಟ್ಟಿಯಾಗಿ ಕೆಳಕ್ಕೆ ಒತ್ತಿ, ಬಾಣದ ಗುರುತು ತೋರಿಸಿದ ಕಡೆಗೆ ತಿರುಗಿಸಿದರೆ ಕೊಂಡಿ ಕೂಡುತ್ತದೆ. ಕೈ ಬಿಟ್ಟಾಗ ಸ್ಪ್ರಿಂಗು ಅದನ್ನು ಮೇಲಕ್ಕೆ ನೂಕಿ ಬಿಗಿಯಾಗಿ ಹಿಡಿಯುತ್ತದೆ. ಬಿಚ್ಚುವಾಗ ಮತ್ತೆ ಒತ್ತಿ, ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಒತ್ತದೆ ತಿರುಗಿಸಿದರೆ ಕೊಂಡಿ ಸವೆಯುತ್ತದೆ.

ಎರಡನೆಯದು ಎರಡು ಸಣ್ಣ ತಿರುಪುಗಳಿಂದ ಕೂಡಿಸುವ ಬಗೆ. ಅಂಗೈಯಗಲದ ಚಿಕ್ಕ ಡ್ರೋನುಗಳಲ್ಲಿ ಇದು ಸಾಮಾನ್ಯ. ಈ ತಿರುಪುಗಳು ಅತಿ ಸೂಕ್ಷ್ಮವಾದವು; ಅವುಗಳ ತಲೆಗೆ ಸರಿಯಾಗಿ ಹೊಂದುವ ಸ್ಕ್ರೂಡ್ರೈವರನ್ನೇ ಬಳಸಬೇಕು. ಹೊಸ ರೆಕ್ಕೆಯೊಡನೆ ಹೊಸ ತಿರುಪುಗಳನ್ನು ಕೊಟ್ಟಿದ್ದರೆ ಅವನ್ನೇ ಹಾಕಬೇಕು; ಕಂಪನಕ್ಕೆ ಸಡಿಲವಾಗದಂತೆ ಅವುಗಳಿಗೆ ಅಂಟು ಲೇಪಿಸಿರುವುದುಂಟು. ಒಂದೇ ಮೋಟಾರಿನ ಎರಡೂ ಅಲಗುಗಳನ್ನು ಒಟ್ಟಿಗೇ ಬದಲಿಸುವುದು ಕ್ಷೇಮ. ಹಳೆಯದೊಂದು ಹೊಸದೊಂದು ಆದರೆ ತೂಕ ತಪ್ಪಿ ನಡುಕ ಹುಟ್ಟುತ್ತದೆ.

ಮೂರನೆಯದು ಹೊರಳಿಸುತ್ತ ಬಿಗಿಯುವ ಬಗೆ. ರೆಕ್ಕೆಯೇ ನಟ್ಟಿನಂತೆ ಮೋಟಾರಿನ ದಂಡದ ಮೇಲೆ ಸುತ್ತಿಕೊಳ್ಳುತ್ತದೆ. ಇಲ್ಲಿ ಒಂದು ವಿಶೇಷವಿದೆ. ಮೋಟಾರು ವೇಗ ಪಡೆಯುವಾಗ ಗಾಳಿಯ ತಡೆ ರೆಕ್ಕೆಯನ್ನು ಹಿಂದಕ್ಕೆ ಎಳೆಯುತ್ತದೆ; ಆ ಎಳೆತವೇ ರೆಕ್ಕೆಯನ್ನು ಇನ್ನಷ್ಟು ಬಿಗಿಗೊಳಿಸುವಂತೆ ಮರೆಯನ್ನು ಕೊರೆದಿರುತ್ತಾರೆ. ಹೀಗಾಗಿ ಪ್ರದಕ್ಷಿಣ ಮೋಟಾರಿನ ರೆಕ್ಕೆ ಅಪ್ರದಕ್ಷಿಣವಾಗಿ ಬಿಗಿಯುತ್ತದೆ. ಇನ್ನೊಂದು ಜೋಡಿ ಇದಕ್ಕೆ ವಿರುದ್ಧ. ಇದನ್ನರಿಯದೆ ಬಲವಂತಮಾಡಿದರೆ ಮರೆ ಕೆಡುತ್ತದೆ.

ನಾಲ್ಕನೆಯದು ನಟ್ಟು ಹಾಕಿ ಸ್ಪ್ಯಾನರಿನಿಂದ ಬಿಗಿಯುವ ಬಗೆ. ಹವ್ಯಾಸಿಗಳು ತಾವೇ ಕಟ್ಟಿಕೊಳ್ಳುವ ಡ್ರೋನುಗಳಲ್ಲಿ ಇದು ರೂಢಿಯಲ್ಲಿದೆ. ನಟ್ಟಿನ ಒಳಗೆ ನೈಲಾನಿನ ಬಳೆಯೊಂದಿದ್ದು ಅದು ಸಡಿಲವಾಗದಂತೆ ತಡೆಯುತ್ತದೆ. ಹಲವು ಬಾರಿ ಬಿಚ್ಚಿ ಹಾಕಿದರೆ ಆ ಬಳೆ ಸವೆಯುತ್ತದೆ. ಬೆರಳಿನಿಂದಲೇ ಸಲೀಸಾಗಿ ತಿರುಗುವಂತಾದ ನಟ್ಟನ್ನು ಎಸೆದು ಹೊಸದನ್ನು ಹಾಕಬೇಕು.

ಜೋಡಿಸುವ ಕ್ರಮ

1. ಮೊದಲು ಬ್ಯಾಟರಿಯನ್ನು ಹೊರತೆಗೆಯಿರಿ. ಇದು ಮೊದಲನೆಯ ಮಾತು, ಕೊನೆಯ ಮಾತೂ ಹೌದು. ಬ್ಯಾಟರಿ ಒಳಗೇ ಕೂಡಿಸಿದ ಮಾದರಿಯಾದರೆ ಸ್ವಿಚ್ಚು ಆರಿಸಿ, ದೀಪಗಳೆಲ್ಲ ನಂದಿದುದನ್ನು ಕಣ್ಣಾರೆ ನೋಡಿರಿ. ರಿಮೋಟನ್ನು ಮಕ್ಕಳ ಕೈಗೆ ಸಿಗದೆಡೆ ಇಡಿರಿ.

2. ಡ್ರೋನನ್ನು ಸಮತಟ್ಟಾದ, ಬೆಳಕಿರುವ ಸ್ಥಳದಲ್ಲಿಡಿರಿ. ಮಡಚುವ ತೋಳುಗಳಿದ್ದರೆ ಪೂರ್ತಿಯಾಗಿ ಬಿಡಿಸಿರಿ.

3. ಪ್ರತಿಯೊಂದು ರೆಕ್ಕೆಯನ್ನೂ ಬೆಳಕಿಗೆ ಹಿಡಿದು ಪರೀಕ್ಷಿಸಿರಿ. ಅಂಚಿನ ಮೇಲೆ ಉಗುರನ್ನು ಮೃದುವಾಗಿ ಎಳೆದರೆ ಕಣ್ಣಿಗೆ ಕಾಣದ ಕಚ್ಚು ತಿಳಿಯುತ್ತದೆ. ಬುಡದಲ್ಲಿ ಬಿರುಕು, ಬಾಗಿದ ಕಡೆ ಬಿಳಿಚಿದ ಗೆರೆ, ತುದಿಯಲ್ಲಿ ಸೀಳು ಕಂಡರೆ ಆ ರೆಕ್ಕೆ ಕಸದ ಬುಟ್ಟಿಗೆ ಯೋಗ್ಯ. ಅದಕ್ಕೆ ಅಂಟು ಹಚ್ಚಿ ಮತ್ತೆ ಬಳಸುವುದು ಜೀವದೊಡನೆ ಆಡುವ ಆಟ.

4. ಗುರುತುಗಳನ್ನು ಹೊಂದಿಸಿ ಒಂದೊಂದಾಗಿ ಜೋಡಿಸಿರಿ. ಒಂದು ಕೈಯಲ್ಲಿ ಮೋಟಾರನ್ನು ಹಿಡಿದು ಇನ್ನೊಂದು ಕೈಯಿಂದ ರೆಕ್ಕೆಯನ್ನು ಕೂಡಿಸಿರಿ, ತೋಳನ್ನು ತಿರುಚಬೇಡಿರಿ.

5. ಕೂಡಿದ ಮೇಲೆ ರೆಕ್ಕೆಯನ್ನು ಮೃದುವಾಗಿ ಮೇಲಕ್ಕೆಳೆದು ನೋಡಿರಿ. ಬೆರಳಿನಿಂದ ಒಂದು ಸುತ್ತು ತಿರುಗಿಸಿರಿ. ಎಲ್ಲಿಯೂ ತಗುಲದೆ ಸರಾಗವಾಗಿ ತಿರುಗಬೇಕು.

6. ನಾಲ್ಕೂ ಮುಗಿದು, ಇನ್ನೊಮ್ಮೆ ಎಲ್ಲವನ್ನೂ ನೋಡಿದ ಮೇಲೆಯೇ ಬ್ಯಾಟರಿ ಹಾಕಿರಿ. ಅದನ್ನೂ ಮನೆಯೊಳಗೆ ಹಾಕದೆ, ಹಾರಿಸುವ ಬಯಲಿನಲ್ಲಿ ಹಾಕಿರಿ. ಮೊದಲು ರಿಮೋಟು, ಅನಂತರ ಡ್ರೋನು ಚಾಲೂ ಆಗಬೇಕು. ದೂರ ಸರಿದು ನಿಂತ ಮೇಲೆ ಮೋಟಾರುಗಳನ್ನು ನಿಧಾನವಾಗಿ ತಿರುಗಿಸಿ ಸದ್ದು ಆಲಿಸಿರಿ. ಕರಕರ ಸದ್ದು, ಅತಿಯಾದ ನಡುಕ ಕಂಡರೆ ನಿಲ್ಲಿಸಿರಿ.

ಬಿಚ್ಚುವ ಕ್ರಮ

ಬಿಚ್ಚುವಾಗ ಅವಸರವೇ ಶತ್ರು. ಕೆಲಸ ಮುಗಿದ ದಣಿವು, ಊಟಕ್ಕೆ ಕರೆಯುವವರ ಒತ್ತಾಯ, ಗಾಡಿ ಹೊರಡುವ ಗಡಿಬಿಡಿ, ಇವೆಲ್ಲ ಸೇರಿ ಕೈಯನ್ನು ಬೇಗ ಚಾಚುವಂತೆ ಮಾಡುತ್ತವೆ. ಡ್ರೋನು ನೆಲಕ್ಕಿಳಿದು ರೆಕ್ಕೆಗಳೆಲ್ಲ ಪೂರ್ತಿ ನಿಲ್ಲುವವರೆಗೆ ಸಮೀಪಕ್ಕೆ ಹೋಗಬಾರದು. ನಿಧಾನವಾದ ರೆಕ್ಕೆಯನ್ನು ಕೈಯಿಂದ ತಡೆದು ನಿಲ್ಲಿಸಬಾರದು. ಇಳಿಯುವ ಡ್ರೋನನ್ನು ಅಂಗೈಯಲ್ಲಿ ಹಿಡಿಯುವ ಸಾಹಸವೂ ಬೇಡ. ಈಗ ಮೊದಲು ಡ್ರೋನನ್ನು ಆರಿಸಿ, ಅನಂತರ ರಿಮೋಟನ್ನು ಆರಿಸಬೇಕು. ರಿಮೋಟನ್ನು ಮೊದಲೇ ಆರಿಸಿದರೆ, ಇನ್ನೂ ಚಾಲೂ ಇರುವ ಯಂತ್ರ ಯಜಮಾನನಿಲ್ಲದೆ ಉಳಿಯುತ್ತದೆ. ಬ್ಯಾಟರಿ ತೆಗೆದು, ಬಿಸಿಯಾದ ಮೋಟಾರುಗಳು ತಣಿಯಲು ಕೆಲವು ನಿಮಿಷ ಬಿಟ್ಟು, ಆಮೇಲೆ ರೆಕ್ಕೆಗಳನ್ನು ಬಿಚ್ಚಬೇಕು. ಬಿಗಿದುಕೊಂಡಿದ್ದರೆ ಇಕ್ಕಳ ಹಾಕಿ ತಿರುಚದೆ, ಮೋಟಾರನ್ನು ಬಟ್ಟೆಯಿಂದ ಗಟ್ಟಿಯಾಗಿ ಹಿಡಿದು ಪ್ರಯತ್ನಿಸಬೇಕು.

ಬಿಚ್ಚಿದ ರೆಕ್ಕೆಗಳನ್ನು ಜೋಡಿ ಜೋಡಿಯಾಗಿ ಡಬ್ಬಿಯಲ್ಲಿಡುವುದು ಒಳ್ಳೆಯದು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ, ಭಾರವಾದ ಸಾಮಾನಿನ ಕೆಳಗೆ ಇಟ್ಟರೆ ಪ್ಲಾಸ್ಟಿಕ್ಕು ಬಾಗುತ್ತದೆ. ಮಡಚುವ ರೆಕ್ಕೆಗಳನ್ನು ಪ್ರತಿದಿನ ಬಿಚ್ಚಬೇಕಾಗಿಲ್ಲ. ಮಡಚಿ ಪಟ್ಟಿಯಿಂದ ಕಟ್ಟಿದರೆ ಸಾಕು. ಆದರೆ ಮೋಟಾರಿನ ಪರೀಕ್ಷೆ, ದುರಸ್ತಿ, ಯಂತ್ರದ ತಂತ್ರಾಂಶವನ್ನು ಹೊಸತಾಗಿಸುವುದು ಮೊದಲಾದ ಯಾವ ಕೆಲಸವನ್ನು ಮನೆಯೊಳಗೆ ಮಾಡುವುದಿದ್ದರೂ ರೆಕ್ಕೆಗಳನ್ನು ಬಿಚ್ಚಿಯೇ ಮಾಡಬೇಕು. ರೆಕ್ಕೆಯಿಲ್ಲದ ಮೋಟಾರು ತಾನಾಗಿ ತಿರುಗಿದರೂ ಸದ್ದು ಮಾಡೀತೇ ಹೊರತು ಸೀಳಲಾರದು.

ಹೊಲದ ಡ್ರೋನು

ಕೇಂದ್ರ ಸಂಪುಟವು 2023ರ ನವೆಂಬರಿನಲ್ಲಿ ಒಪ್ಪಿಗೆ ನೀಡಿದ 'ನಮೋ ಡ್ರೋನ್ ದೀದಿ' ಯೋಜನೆ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನು ಒದಗಿಸುವ ಗುರಿಯನ್ನಿಟ್ಟುಕೊಂಡಿತು, ಬೆಲೆಯ ಶೇ. 80ರಷ್ಟನ್ನು, ಗರಿಷ್ಠ 8 ಲಕ್ಷ ರೂಪಾಯಿವರೆಗೆ, ಸಹಾಯಧನವಾಗಿ ನಿಗದಿಪಡಿಸಿತು. ಈ ಯಂತ್ರವನ್ನು ನಮ್ಮ ಅಕ್ಕತಂಗಿಯರು ನಡೆಸುವುದು ಹೆಮ್ಮೆಯ ವಿಷಯ. ಆದರೆ ಸಿಂಪಡಣೆಯ ಡ್ರೋನಿನ ರೆಕ್ಕೆ ಮದುವೆಯ ಡ್ರೋನಿನದರಂತಲ್ಲ. ಅದು ಬಹಳ ಉದ್ದ. ಅನೇಕವು ಕಾರ್ಬನ್ ನಾರಿನಿಂದ ಮಾಡಿದವು, ಬಾಗುವುದೇ ಇಲ್ಲ. ತಗುಲಿದರೆ ಬರಿಯ ಗಾಯವಲ್ಲ, ಮೂಳೆಗೇ ಪೆಟ್ಟು.

ಇಲ್ಲಿ ಇಬ್ಬರು ಕೂಡಿ ಕೆಲಸ ಮಾಡುವುದು ಲೇಸು. ಒಬ್ಬರು ರೆಕ್ಕೆ ಬಿಗಿಯಲಿ, ಇನ್ನೊಬ್ಬರು ಬ್ಯಾಟರಿಯನ್ನು ದೂರದಲ್ಲಿ ಕಾಯಲಿ. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಜಡೆಯನ್ನು ಸುತ್ತಿ ಕಟ್ಟಿ, ಸಡಿಲ ಬಳೆಗಳನ್ನು ತೆಗೆದಿಡಬೇಕು. ರೆಕ್ಕೆಗೆ ಅಂಟಿದ ಔಷಧವನ್ನು ಕೈಗವಸು ಹಾಕಿಯೇ ಒರೆಸಬೇಕು. ಸೀಳಿದ ಕಾರ್ಬನ್ ನಾರು ಮುಳ್ಳಿನಂತೆ ಚರ್ಮಕ್ಕೆ ಹೋಗುತ್ತದೆ. ಬೋಲ್ಟುಗಳನ್ನು ಕೈಪಿಡಿ ಹೇಳಿದಷ್ಟೇ ಬಿಗಿಯಬೇಕು. ಮಡಚುವ ಅಲಗುಗಳು ಪೂರ್ತಿ ಬಿಚ್ಚಿಕೊಂಡಿವೆಯೇ ಎಂದು ಪ್ರತಿ ಹಾರಾಟಕ್ಕೂ ಮೊದಲು ನೋಡಬೇಕು. ತೊಟ್ಟಿಗೆ ಔಷಧ ತುಂಬಲು ಪ್ರತಿಸಲ ಸಮೀಪಿಸುವಾಗ, ಹಿಂದಿನ ಸಲ ಏನೂ ಆಗಲಿಲ್ಲವೆಂಬ ಧೈರ್ಯದಿಂದ ನಡೆಯದೆ, ರೆಕ್ಕೆ ನಿಂತಿದೆಯೇ ಎಂದು ನೋಡಿ ನಡೆಯಬೇಕು.

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ಡ್ರೋನಿಗೂ, 2 ಕಿಲೋವರೆಗಿನದನ್ನು ವಾಣಿಜ್ಯೇತರವಾಗಿ ಹಾರಿಸುವುದಕ್ಕೂ ಚಾಲಕರ ಪ್ರಮಾಣಪತ್ರ ಬೇಕಾಗಿಲ್ಲ. ಪ್ರಮಾಣಪತ್ರ ಬೇಡವೆಂದ ಮಾತ್ರಕ್ಕೆ ಎಚ್ಚರವೂ ಬೇಡವೆಂದಲ್ಲ.

ಗಾಯವಾದರೆ

ಸ್ವಚ್ಛವಾದ ಬಟ್ಟೆಯಿಂದ ಗಾಯವನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲಕ್ಕೆತ್ತಿ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಕಾಫಿಪುಡಿ ತುಂಬುವ ರೂಢಿ ಬೇಡ. ಅದನ್ನು ತೊಳೆದು ತೆಗೆಯುವುದೇ ವೈದ್ಯರಿಗೆ ದೊಡ್ಡ ಕೆಲಸವಾಗುತ್ತದೆ. ಬೆರಳಿನ ತುಂಡು ಬೇರ್ಪಟ್ಟಿದ್ದರೆ ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಒಯ್ಯಬೇಕು. ತುಂಡು ನೇರವಾಗಿ ಮಂಜಿಗೆ ತಾಗಬಾರದು. ಕಣ್ಣಿಗೆ ಪೆಟ್ಟಾದರೆ ಉಜ್ಜಬಾರದು, ಒತ್ತಬಾರದು, ಚುಚ್ಚಿಕೊಂಡುದನ್ನು ಕೀಳಬಾರದು. ಕಾಗದದ ಲೋಟವೊಂದನ್ನು ಕಣ್ಣಿಗೆ ತಾಗದಂತೆ ಮುಚ್ಚಿ ಕಟ್ಟಿ, ತಡಮಾಡದೆ ನೇತ್ರವೈದ್ಯರ ಬಳಿಗೆ ಕರೆದೊಯ್ಯಬೇಕು. ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆಯೂ ವೈದ್ಯರನ್ನು ಕೇಳಬೇಕು.

ಕೊನೆಯ ಮಾತು

ನನ್ನ ತಮ್ಮನ ಮಗ ಇಂದಿಗೂ ಮದುವೆಗಳಿಗೆ ಡ್ರೋನು ಒಯ್ಯುತ್ತಾನೆ. ಅವನ ಪೆಟ್ಟಿಗೆಯಲ್ಲಿ ಈಗ ಬ್ಯಾಟರಿಗೆ ಒಂದು ಖಾನೆ, ರೆಕ್ಕೆಗಳಿಗೆ ಮತ್ತೊಂದು. ರೆಕ್ಕೆಯ ಖಾನೆ ತೆರೆದಿರುವಾಗ ಬ್ಯಾಟರಿಯ ಖಾನೆ ಮುಚ್ಚಿರಬೇಕೆಂಬುದು ಅವನು ತನಗೆ ತಾನೇ ಹಾಕಿಕೊಂಡ ಕಟ್ಟಳೆ. ಮೊನ್ನೆ ನಮ್ಮ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಮೊಮ್ಮಗಳು ಬಾಗಿಲಲ್ಲಿಯೇ ನಿಂತು, "ಕಾಕಾ, ಬ್ಯಾಟರಿ ತೆಗದೀಯೇನು?" ಎಂದು ಕೇಳಿದಳು. ಅವನು ಬ್ಯಾಟರಿಯನ್ನು ಎತ್ತಿ ತೋರಿಸಿದ ಮೇಲೆಯೇ ಅವಳು ಒಳಗೆ ಬಂದಳು.

ಡ್ರೋನಿರುವ ಪ್ರತಿ ಮನೆಯಲ್ಲಿಯೂ ಈ ಪ್ರಶ್ನೆಯನ್ನು ಕೇಳುವವರು ಒಬ್ಬರಾದರೂ ಇರಲಿ. ಹಿರಿಯರಾದ ನಾವು ಯಂತ್ರದ ಮರ್ಮವನ್ನೆಲ್ಲ ತಿಳಿಯಬೇಕಾಗಿಲ್ಲ. ಇಷ್ಟನ್ನು ಕೇಳಲು ಮರೆಯದಿದ್ದರೆ ಸಾಕು.